ನಿತ್ರಾಣಕ್ಕೆ ಸಿಕ್ಕ ಸಂಖ್ಯೆ

ಹಾವೇರಿ ಸೀಮೆಯ ಹೊಲಗಳಲ್ಲಿ ಹಾವನ್ನು ಹಾವೆಂದು ಕರೆಯುವವರು ಕಡಿಮೆ. ಅದು ‘ಹುಳ’. ಅದು ಕಚ್ಚುವುದೂ ಇಲ್ಲ, ‘ಮುಟ್ಟುತ್ತದೆ’. ನಸುಕಿನಲ್ಲಿ ಯಾರೋ ಬಾಗಿಲು ಬಡಿದು “ಹುಳ ಮುಟ್ಟೇತಿ, ಗಾಡಿ ತಗೀರಿ” ಎಂದರೆ ಮುಂದಿನದನ್ನು ವಿವರಿಸಬೇಕಿಲ್ಲ. ಹೆಸರೆತ್ತಿದರೆ ಬಂದೇಬಿಡುತ್ತದೆ ಎಂಬ ಹಳೆಯ ಅಳುಕು ಈ ಮಾತಿನೊಳಗೆ ಕೂತಿದೆ.

ಹೆಸರೆತ್ತದೆ ಬಿಟ್ಟ ಆ ಹುಳ ಬಹಳ ಸಲ ಕೊಳಕುಮಂಡಲವೇ ಆಗಿರುತ್ತದೆ. ಮೈಮೇಲೆ ಸರಪಳಿಯ ಕೊಂಡಿಗಳಂತೆ ಸಾಲುಗಟ್ಟಿದ ಕಂದು ಮಚ್ಚೆಗಳು, ತ್ರಿಕೋನದ ತಲೆ, ಕೆಣಕಿದರೆ ಕುಕ್ಕರಿನ ಸೀಟಿಯಂಥ ಬುಸುಗುಟ್ಟುವಿಕೆ. ಇಲಿ ಇರುವಲ್ಲಿ ಇದು ಇರುತ್ತದೆ. ಕಾಳು ಇರುವಲ್ಲಿ ಇಲಿ ಇರುತ್ತದೆ. ಗೋವಿನಜೋಳದ ತೆನೆ ಮುರಿಯುವಾಗ, ಕಣಕಿ ಬಣವಿಗೆ ಕೈ ಹಾಕುವಾಗ, ಹತ್ತಿ ಬಿಡಿಸುವಾಗ, ರಾತ್ರಿ ಕರೆಂಟು ಬಂತೆಂದು ಪಂಪ್‌ಸೆಟ್ ಹಾಕಲು ಬದುವಿನ ಮೇಲೆ ನಡೆಯುವಾಗ ಕಾಲಿಗೋ ಕೈಗೋ ತಗುಲುತ್ತದೆ. ಪುಣ್ಯವಿದ್ದವರು ಸಮಯಕ್ಕೆ ಆಸ್ಪತ್ರೆ ಮುಟ್ಟುತ್ತಾರೆ. ಅಲ್ಲಿ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ಹಿಡಿದು ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ಇಳಿದಿದೆ ಎಂದರ್ಥ. ಪ್ರತಿವಿಷ ಕೊಡುತ್ತಾರೆ. ಮೂತ್ರ ನಿಂತರೆ ಡಯಾಲಿಸಿಸ್‌ಗೆ ಕಳಿಸುತ್ತಾರೆ. ಎಂಟು ಹತ್ತು ದಿನಕ್ಕೆ ಮನುಷ್ಯ ಎದ್ದು ಮನೆಗೆ ಬರುತ್ತಾನೆ, ಊರಿನ ದೇವರಿಗೆ ಕಾಯಿ ಒಡೆಸುತ್ತಾರೆ.

ಕಥೆ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಕೆಲವರ ಪಾಲಿಗೆ ಅಲ್ಲಿಂದ ಶುರುವಾಗುತ್ತದೆ. ತಿಂಗಳುಗಳು ಕಳೆದರೂ ಮೈಯಲ್ಲಿ ತ್ರಾಣ ಬರುವುದಿಲ್ಲ. ಊಟ ಸೇರುವುದಿಲ್ಲ, ಬಿಸಿಲಲ್ಲೂ ಚಳಿ. ಗಡ್ಡ ತೆಳ್ಳಗಾಗುತ್ತದೆ, ಕಂಕುಳ ಕೂದಲು ಉದುರುತ್ತದೆ, ಗಂಡಸಿಗೆ ಹೆಂಡತಿಯ ಮೇಲಿನ ಆಸೆ ಸತ್ತಿರುತ್ತದೆ, ಹೆಂಗಸಿಗೆ ಮುಟ್ಟು ನಿಂತಿರುತ್ತದೆ. “ಹುಳದ ನಂಜು ಇನ್ನೂ ಮೈಯಾಗ ಐತಿ” ಎನ್ನುತ್ತಾರೆ ಮನೆಯವರು. ಆ ಮಾತು ಪೂರ್ತಿ ತಪ್ಪಲ್ಲ. ನಂಜು ಹೋಗಿರುತ್ತದೆ, ಆದರೆ ಹೋಗುವಾಗ ಮಿದುಳಿನ ಬುಡದಲ್ಲಿರುವ ಒಂದು ಗ್ರಂಥಿಯನ್ನು ಕೊಂದು ಹೋಗಿರುತ್ತದೆ.

ಆ ಗ್ರಂಥಿ ಪಿಟ್ಯುಟರಿ. ತೂಕ ಸುಮಾರು ಅರ್ಧ ಗ್ರಾಂ, ಗಾತ್ರ ಬಟಾಣಿ ಕಾಳಿನಷ್ಟು. ತಲೆಬುರುಡೆಯ ತಳದಲ್ಲಿ ಕುದುರೆಯ ಜೀನಿನಂತೆ ತಗ್ಗಾದ ಮೂಳೆಯೊಳಗೆ ಕೂತಿರುತ್ತದೆ. ಮೂಗಿಗೆ ಇಳಿಯುವ ಸಿಂಬಳ ಇಲ್ಲಿಂದ ಬರುತ್ತದೆಂದು ಹಿಂದಿನ ಯುರೋಪಿನ ವೈದ್ಯರು ನಂಬಿದ್ದರು, ಅದಕ್ಕೇ ಲ್ಯಾಟಿನ್ನಿನಲ್ಲಿ ಸಿಂಬಳಕ್ಕಿರುವ ಪದವೇ ಇದಕ್ಕೆ ಅಂಟಿಕೊಂಡಿತು. ನಿಜವಾಗಿ ಇದರದು ಗೌಡಿಕೆಯ ಕೆಲಸ. ಥೈರಾಯ್ಡಿಗೆ, ಮೂತ್ರಪಿಂಡದ ತಲೆಯ ಮೇಲಿರುವ ಅಡ್ರಿನಲ್ ಗ್ರಂಥಿಗೆ, ಅಂಡಾಶಯ-ವೃಷಣಗಳಿಗೆ, ಎಳೆಯರ ಬೆಳವಣಿಗೆಗೆ, ತಾಯಿಯ ಎದೆಹಾಲಿಗೆ ಇಲ್ಲಿಂದಲೇ ಆಜ್ಞೆ ಹೋಗಬೇಕು. ಇದು ಸತ್ತರೆ ಉಳಿದವೆಲ್ಲ ಇದ್ದೂ ಸುಮ್ಮನಾಗುತ್ತವೆ. ರೋಗಕ್ಕೆ ವೈದ್ಯರ ಹೆಸರು ಹೈಪೋಪಿಟ್ಯುಟರಿಸಂ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹತ್ತನೇ ಪರಿಷ್ಕರಣೆಯಲ್ಲಿ ಅದರ ಸಂಕೇತ ಇ23.0.

ಹೊಲದ ಬದುವಿನಿಂದ ಆ ಸಂಕೇತದವರೆಗಿನ ದಾರಿ ನೂರು ವರ್ಷಕ್ಕಿಂತ ಉದ್ದವಾಗಿದೆ, ಮತ್ತು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಮಟ್ಟಿಗೆ ಇನ್ನೂ ಪೂರ್ತಿ ಆಗಿಲ್ಲ.

ಈ ಮೂರೂ ಊರುಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 24ರಂದು. ಬ್ರಿಟಿಷರ ಕಾಲದಲ್ಲಿ ಹಳ್ಳಿಯ ಸಾವುಗಳನ್ನು ಬರೆದಿಡುವ ಕೆಲಸ ಹಳ್ಳಿಯ ಹುದ್ದೆದಾರರ ಪಾಲಿಗೆ ಬಂದಿತ್ತು. ಸತ್ತವರ ಹೆಸರಿನ ಮುಂದೆ ಕಾರಣ ಬರೆಯಬೇಕು, ಆದರೆ ಕಾರಣಗಳು ಮೊದಲೇ ಅಚ್ಚಾಗಿದ್ದವು: ಕಾಲರಾ, ಸಿಡುಬು, ಜ್ವರ, ಭೇದಿ-ಆಮಶಂಕೆ, ಗಾಯ, ಇತರೆ. ಹುಬ್ಬಳ್ಳಿ-ಧಾರವಾಡದ ಮೇಲೆ 1898ರಲ್ಲಿ ಪ್ಲೇಗು ಎರಗುವ ಹೊತ್ತಿಗೆ ಅದಕ್ಕೂ ಒಂದು ಅಂಕಣ ಬೇಕಾಗಿತ್ತು. ವೈದ್ಯರನ್ನೇ ಕಾಣದ ಊರಿನಲ್ಲಿ ಕುಲಕರ್ಣಿಯೋ ಗೌಡನೋ ಬಾಯಿಮಾತು ಕೇಳಿ ಬರೆಯುತ್ತಿದ್ದ ದಾಖಲೆಯದು. ಮೈ ಕಾದಿತ್ತು ಎಂದರೆ ಜ್ವರ. ತಿಳಿಯದಿದ್ದರೆ ಇತರೆ.

ಹಾವಿಗೆ ಮಾತ್ರ ಆ ಲೆಕ್ಕದಲ್ಲಿ ಗೌರವದ ಸ್ಥಾನವಿತ್ತು. ‘ಗಾಯ’ದ ಅಂಕಣದೊಳಗೆ ಹಾವು ಮತ್ತು ಕಾಡುಮೃಗಗಳಿಗೆ ಬೇರೆ ಮನೆಯನ್ನೇ ಮಾಡಿದ್ದರು. ಕೊಂದ ಹಾವು ತಂದು ತೋರಿಸಿದವರಿಗೆ ಇನಾಮು ಕೊಡುತ್ತಿದ್ದ ಕಾಲವದು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಜನ ಹಾವಿನಿಂದ ಸಾಯುತ್ತಾರೆಂದು ಸರಕಾರಿ ವರದಿಗಳು ಹೇಳುತ್ತಿದ್ದವು. ಕೊಳಕುಮಂಡಲದ ಇಂಗ್ಲಿಷ್ ಹೆಸರೂ ಕಂಪನಿ ಸರಕಾರದ ವೈದ್ಯನೊಬ್ಬನದೇ. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟಿಷ್ ಸರ್ಜನ್ ಕೋರಮಂಡಲ ಕರಾವಳಿಯ ಹಾವುಗಳನ್ನು ಕೂಡಿಹಾಕಿ, ಚಿತ್ರ ಬರೆಸಿ, 1796ರಲ್ಲಿ ದೊಡ್ಡ ಪುಸ್ತಕ ತಂದ. ಹಾವಿಗೆ ಅವನ ಹೆಸರು ನಿಂತಿತು.

ಆದರೆ ಆ ಅಂಕಣಗಳೆಲ್ಲ ಸತ್ತವರಿಗಾಗಿ ಮಾಡಿದವು. ಹುಳ ಮುಟ್ಟಿಯೂ ಬದುಕಿ, ಆಮೇಲೆ ವರ್ಷಗಟ್ಟಲೆ ಮೂಲೆ ಹಿಡಿದು ಕೂತವರು ಯಾವ ಪುಸ್ತಕದಲ್ಲೂ ಇಲ್ಲ. ಹೆರಿಗೆಯಲ್ಲಿ ಕೊಡಗಟ್ಟಲೆ ರಕ್ತ ಹೋಗಿಯೂ ಉಳಿದುಕೊಂಡ ಬಾಣಂತಿಯರೂ ಇಲ್ಲ.

ಬಾಣಂತಿಯ ಮಾತು ಇಲ್ಲಿ ಏಕೆ ಬಂತೆಂದರೆ, ಈ ರೋಗವನ್ನು ಜಗತ್ತು ಮೊದಲು ಗುರುತಿಸಿದ್ದು ಹಾವಿನ ಮೂಲಕ ಅಲ್ಲ, ಹೆರಿಗೆಯ ಮೂಲಕ. ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಲಿಯೋನ್ ಗ್ಲಿನ್‌ಸ್ಕಿ ಎಂಬ ರೋಗಶಾಸ್ತ್ರಜ್ಞ, ಹೆತ್ತ ಮೇಲೆ ತೀರಿಕೊಂಡ ಹೆಂಗಸರ ಶವಗಳಲ್ಲಿ ಪಿಟ್ಯುಟರಿ ಸತ್ತು ಹೋಗಿರುವುದನ್ನು ಕಂಡು 1913ರಲ್ಲಿ ಬರೆದ. ಅವನು ಬರೆದದ್ದು ತನ್ನ ಪೋಲಿಷ್ ಭಾಷೆಯಲ್ಲಿ. ಹೊರಗಿನವರು ಓದಲಿಲ್ಲ. ಮರುವರ್ಷ, 1914ರಲ್ಲಿ, ಹ್ಯಾಂಬರ್ಗಿನ ಮಾರಿಸ್ ಸಿಮಂಡ್ಸ್ ಅದನ್ನೇ ಜರ್ಮನ್ನಿನಲ್ಲಿ ಬರೆದ. ಅವನ ರೋಗಿಗೆ ಹನ್ನೊಂದು ವರ್ಷ ಹಿಂದೆ ಬಾಣಂತಿ ನಂಜು ಆಗಿತ್ತು, ಅಂದಿನಿಂದ ಮುಟ್ಟು ನಿಂತು, ಸೊರಗಿ ಸೊರಗಿ ತೀರಿಕೊಂಡಿದ್ದಳು. ರೋಗಕ್ಕೆ ಸಿಮಂಡ್ಸ್ ರೋಗ ಎಂದೇ ಹೆಸರಾಯಿತು. ಸಣ್ಣ ಭಾಷೆಯಲ್ಲಿ ಬರೆದದ್ದು ಹೇಗೆ ಕಣ್ಮರೆಯಾಗುತ್ತದೆಂದು ಕನ್ನಡದಲ್ಲಿ ವೈದ್ಯಕೀಯ ಬರೆಯುವವರಿಗೆ ವಿವರಿಸಬೇಕಿಲ್ಲ.

ಆ ಹೆಸರು ಒಂದು ಅನಾಹುತವನ್ನೂ ಮಾಡಿತು. ಸಿಮಂಡ್ಸ್ ಎಂದೊಡನೆ ವೈದ್ಯರ ಕಣ್ಣಿಗೆ ಎಲುಬಿನ ಗೂಡಾದ ಹೆಂಗಸು ಕಟ್ಟುತ್ತಿದ್ದಳು. ಮೈ ಸೊರಗದಿದ್ದರೆ ಈ ರೋಗವಲ್ಲ ಎಂದುಕೊಂಡರು. ಅತ್ತ, ಮನೋವ್ಯಥೆಯಿಂದ ಊಟ ಬಿಟ್ಟು ಒಣಗಿದ ಹುಡುಗಿಯರಿಗೆ ಇದೇ ಹೆಸರು ಹಚ್ಚಿದರು. ಅದನ್ನು ಸರಿಮಾಡಿದವನು ಹೆರಾಲ್ಡ್ ಶೀಹಾನ್. ಗ್ಲಾಸ್ಗೋ ಹೆರಿಗೆ ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞನಾಗಿದ್ದ ಆತ 1937ರಿಂದ ಬರೆದ ಲೇಖನಗಳಲ್ಲಿ ಎರಡು ಮಾತು ಖಚಿತಪಡಿಸಿದ. ಪಿಟ್ಯುಟರಿ ಸಾಯುವುದಕ್ಕೆ ಮುಖ್ಯ ಕಾರಣ ನಂಜಲ್ಲ, ಹೆರಿಗೆಯ ಹೊತ್ತಿನ ವಿಪರೀತ ರಕ್ತಸ್ರಾವ ಮತ್ತು ರಕ್ತದೊತ್ತಡದ ಕುಸಿತ. ಬಸುರಿಯಲ್ಲಿ ಈ ಗ್ರಂಥಿ ಊದಿ ದೊಡ್ಡದಾಗಿರುತ್ತದೆ, ಆದರೆ ಅದಕ್ಕೆ ರಕ್ತ ತರುವ ನಾಳಗಳಲ್ಲಿ ಒತ್ತಡ ಮೊದಲೇ ಕಡಿಮೆ. ರಕ್ತ ಬಸಿದುಹೋದರೆ ಮೊದಲು ಒಣಗುವುದು ಅದೇ. ಎರಡನೆಯ ಮಾತು: ಹೀಗಾದ ಹೆಂಗಸರು ಸೊರಗಲೇಬೇಕೆಂದಿಲ್ಲ. ಮೈ ತುಂಬಿಕೊಂಡೇ ಇರಬಹುದು, ಬಿಳಿಚಿಕೊಂಡಿರುತ್ತಾರೆ, ನಿಧಾನವಾಗಿರುತ್ತಾರೆ, ಎದೆಹಾಲು ಬಂದಿರುವುದಿಲ್ಲ, ಮುಟ್ಟು ಮರಳಿರುವುದಿಲ್ಲ. ಇಂದು ಪಠ್ಯಪುಸ್ತಕಗಳಲ್ಲಿ ಇದು ಶೀಹಾನ್ ಸಿಂಡ್ರೋಮ್.

ಹಾವೇರಿ ಸೀಮೆಯ ಯಾವ ಅಜ್ಜಿಯನ್ನು ಕೇಳಿದರೂ ಇಂಥ ಒಬ್ಬಳ ನೆನಪು ಬರಬಹುದು: ಹೆತ್ತ ಮೇಲೆ ‘ಮಾಸು’ ಬೀಳದೆ ರಕ್ತ ಹರಿದು, ಸೂಲಗಿತ್ತಿ ಹೊಟ್ಟೆ ತಿಕ್ಕಿ ತಿಕ್ಕಿ ಹೇಗೋ ಉಳಿಸಿಕೊಂಡ ಹೆಂಗಸು. ಕೂಸಿಗೆ ಹಾಲಿಲ್ಲ, ಪಕ್ಕದ ಮನೆಯ ಬಾಣಂತಿ ಹಾಲೂಡಿಸಿದಳು. ಮತ್ತೆ ಮಕ್ಕಳಾಗಲಿಲ್ಲ. ನಲವತ್ತಕ್ಕೇ ಅರವತ್ತರ ಮುಖ. ‘ಬಾಣಂತನ ಕೆಟ್ಟಿತು’ ಎಂಬ ನುಡಿ ಇಂಥ ಎಲ್ಲವನ್ನೂ ಒಳಗೊಳ್ಳುತ್ತಿತ್ತು. ಕಾರಣವನ್ನು ಅದು ತಪ್ಪಾಗಿ ಹೇಳುತ್ತಿರಲಿಲ್ಲ. ಕೆಟ್ಟದ್ದು ಬಾಣಂತನದಲ್ಲೇ. ಏನು ಕೆಟ್ಟಿತೆಂದು ಮಾತ್ರ ಅದಕ್ಕೆ ಗೊತ್ತಿರಲಿಲ್ಲ.

ಸತ್ತವರ ಪಟ್ಟಿಗೆ ಮರಳೋಣ. ಜಗತ್ತಿನ ಸಾವುಗಳನ್ನೆಲ್ಲ ಒಂದೇ ಕ್ರಮದಲ್ಲಿ ಬರೆಯಬೇಕೆಂದು ಪ್ಯಾರಿಸ್ ನಗರದ ಅಂಕಿಅಂಶ ಅಧಿಕಾರಿ ಜಾಕ್ ಬರ್ಟಿಯಾನ್ 1893ರಲ್ಲಿ ಶಿಕಾಗೋದಲ್ಲಿ ಒಂದು ಪಟ್ಟಿ ಮಂಡಿಸಿದ. 1900ರಲ್ಲಿ ಪ್ಯಾರಿಸ್ಸಿನ ಸಮ್ಮೇಳನ ಅದನ್ನು ಪರಿಷ್ಕರಿಸಿ 179 ಗುಂಪುಗಳಿಗೆ ಒಪ್ಪಿಗೆ ಕೊಟ್ಟಿತು. ಹತ್ತು ವರ್ಷಕ್ಕೊಮ್ಮೆಯಂತೆ ತಿದ್ದುತ್ತಾ ಹೋದರು. ಐವತ್ತು ವರ್ಷ ಅದು ಸಾವಿನ ಪಟ್ಟಿಯಾಗಿಯೇ ಇತ್ತು. 1948ರಲ್ಲಿ ಹೊಸದಾಗಿ ಹುಟ್ಟಿದ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಗೆತ್ತಿಕೊಂಡು ಆರನೇ ಪರಿಷ್ಕರಣೆ ಮಾಡಿದಾಗ ಮೊದಲ ಸಲ ಬದುಕಿರುವ ರೋಗಿಗಳ ಕಾಯಿಲೆಗಳೂ ಅದರೊಳಗೆ ಬಂದವು. ಅದೇ 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಕಾರ್ಟಿಸೋನ್ ಎಂಬ ಹೊಸ ಔಷಧವನ್ನು ಕೀಲುವಾತದ ರೋಗಿಗೆ ಕೊಟ್ಟ. ಹಾಸಿಗೆ ಹಿಡಿದವಳು ಎದ್ದು ನಡೆದಳು. ಪಿಟ್ಯುಟರಿ ಸತ್ತವರಿಗೆ ಜೀವ ಉಳಿಸುವ ಮದ್ದು ಅದೇ ಕುಲದ್ದು. ಹೀಗೆ ಬದುಕಿರುವವರ ರೋಗಕ್ಕೆ ಸಂಖ್ಯೆಯೂ ಈ ರೋಗಕ್ಕೆ ಮದ್ದಿನ ದಾರಿಯೂ ಒಂದೇ ವರ್ಷ ತೆರೆದವು. ಹಾರ್ಮೋನುಗಳನ್ನು ರಕ್ತದಲ್ಲಿ ಅಳೆಯುವ ವಿದ್ಯೆ ಇನ್ನೂ ಹತ್ತು ವರ್ಷ ಕಾಯಿಸಿತು. ನ್ಯೂಯಾರ್ಕಿನಲ್ಲಿ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಅದನ್ನು ಕಂಡುಹಿಡಿದರು, ಯಾಲೊ 1977ರಲ್ಲಿ ನೊಬೆಲ್ ಪಡೆದರು. ಅಲ್ಲಿಯವರೆಗೆ ವೈದ್ಯರು ಮುಖ ನೋಡಿ, ಕಂಕುಳು ನೋಡಿ, ಕಥೆ ಕೇಳಿ ಊಹಿಸಬೇಕಿತ್ತು.

ಸಂಖ್ಯೆ ಬದಲಾಗುತ್ತಾ ಬಂದಿದೆ. ಒಂಬತ್ತನೇ ಪರಿಷ್ಕರಣೆಯಲ್ಲಿ 253.2. 1990ರಲ್ಲಿ ಒಪ್ಪಿಗೆಯಾಗಿ 1994ರಿಂದ ಬಳಕೆಗೆ ಬಂದ ಹತ್ತನೆಯದರಲ್ಲಿ ಇ23.0. 2022ರ ಜನವರಿ 1ರಿಂದ ಜಾರಿಯಾದ ಹನ್ನೊಂದನೆಯದರಲ್ಲಿ 5ಎ61.0. ಆ ಇ23.0ರ ಮನೆಯೊಳಗೆ ಇಣುಕಿದರೆ ಇತಿಹಾಸವೆಲ್ಲ ಒಟ್ಟಿಗೆ ಕೂತಿದೆ: ಸಿಮಂಡ್ಸ್ ರೋಗ, ಶೀಹಾನ್ ಸಿಂಡ್ರೋಮ್, ಹೆರಿಗೆಯ ನಂತರ ಪಿಟ್ಯುಟರಿ ಸಾಯುವುದು, ಬೆಳವಣಿಗೆಯ ಹಾರ್ಮೋನಿಲ್ಲದೆ ಗಿಡ್ಡವಾಗಿ ಉಳಿದ ಮಕ್ಕಳು, ಜಗಳವಾಡಿ ತಪ್ಪೆಂದು ತೀರ್ಮಾನವಾದ ಆ ‘ಸೊರಗುವ’ ರೋಗ ಕೂಡ. ಹಾವಿನ ಹೆಸರು ಮಾತ್ರ ಅಲ್ಲಿಲ್ಲ.

ಹಾವಿನ ಸಂಬಂಧ ಬೆಳಕಿಗೆ ಬಂದದ್ದು ತಡವಾಗಿ. 1976ರಲ್ಲಿ ಕೇರಳದ ವೈದ್ಯರ ಒಂದು ತಂಡ ಮಂಡಲದ ಹಾವು ಕಚ್ಚಿದವರಲ್ಲಿ ಪಿಟ್ಯುಟರಿ ಸೋತ ಪ್ರಕರಣಗಳನ್ನು ಬರೆಯಿತು. 1987ರಲ್ಲಿ ಬರ್ಮಾದ ಮತ್ತು ಬ್ರಿಟನ್ನಿನ ವೈದ್ಯರು ಸೇರಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿ ಬುನಾದಿ ಹಾಕಿತು. ಬರ್ಮಾದ ಗದ್ದೆಗಳಲ್ಲಿ ಮಂಡಲದ ಹಾವು ಕಚ್ಚಿ ಬದುಕಿದವರು ಆಮೇಲೆ ಬಾಣಂತಿ ಶೀಹಾನ್ ರೋಗಿಗಳಂತೆಯೇ ಆಗುತ್ತಾರೆ ಎಂಬುದನ್ನು ಲೇಖನದ ತಲೆಬರಹದಲ್ಲೇ ಹೇಳಿದ್ದರು. ವಿಷ ರಕ್ತನಾಳಗಳೊಳಗೆ ಸಣ್ಣ ಸಣ್ಣ ಹೆಪ್ಪು ಕಟ್ಟಿಸುತ್ತದೆ, ಹೆಪ್ಪಿನ ಸಾಮಗ್ರಿಯೆಲ್ಲ ಹಾಗೆ ಖರ್ಚಾಗಿ ಮಿಕ್ಕ ರಕ್ತ ಸೋರತೊಡಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಬಟಾಣಿ ಗಾತ್ರದ ಆ ಗ್ರಂಥಿಗೆ ಇಷ್ಟು ಸಾಕು. ಗದ್ದೆಯ ಗಂಡಸೂ ಮನೆಯೊಳಗಿನ ಬಾಣಂತಿಯೂ ಒಂದೇ ಕಡೆ ಬಂದು ಮುಟ್ಟಿದ್ದು ಹೀಗೆ.

ಹಾವೇರಿ ಜಿಲ್ಲೆಗೆ ಎರಡೂ ಬಾಗಿಲು ತೆರೆದಿದ್ದವು. ಬಾಣಂತಿಯ ಬಾಗಿಲು ಈಗ ಬಹುಮಟ್ಟಿಗೆ ಮುಚ್ಚುತ್ತಾ ಬಂದಿದೆ, ಮತ್ತು ಇದು ಸಂತೋಷದಿಂದ ಹೇಳಬೇಕಾದ ಮಾತು. ಕರ್ನಾಟಕದಲ್ಲಿ 2001–03ರಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು, 2018–20ಕ್ಕೆ ಅದು 69ಕ್ಕೆ ಇಳಿಯಿತು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆರಿಗೆಗಳಲ್ಲಿ ಸುಮಾರು 65 ಪ್ರತಿಶತ ಆಸ್ಪತ್ರೆಯಲ್ಲಾಗುತ್ತಿದ್ದವು, 2019–20ರಲ್ಲಿ 97 ಪ್ರತಿಶತ. ನಡುವೆ ಆಶಾ ಕಾರ್ಯಕರ್ತೆಯರು ಬಂದರು, ತಾಯಿ ಕಾರ್ಡು ಬಂತು, 2008ರ ನವೆಂಬರಿನಿಂದ 108 ಗಾಡಿ ಬಂತು.

ನೆರೆಯ ಬೆಳಗಾವಿಯ ಒಂದು ಕೆಲಸವನ್ನು ಇಲ್ಲಿ ವಿಸ್ತಾರವಾಗಿ ನೆನೆಯಬೇಕು, ಏಕೆಂದರೆ ಅದು ಜಗತ್ತಿಗೇ ಹೋದದ್ದು. ಬಾಣಂತಿಯ ರಕ್ತ ಎಷ್ಟು ಹೋಯಿತೆಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಸೀರೆ ಕುಡಿಯುತ್ತದೆ, ಗೋಣಿ ಕುಡಿಯುತ್ತದೆ, ನೆಲ ಕುಡಿಯುತ್ತದೆ. ನೋಡಿದವರು ಯಾವಾಗಲೂ ಕಡಿಮೆಯೇ ಹೇಳುತ್ತಾರೆ. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಅಳತೆಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ತಾಯಿಯ ಕೆಳಗೆ ಹಾಸಿದರೆ ರಕ್ತ ಅದರ ತುದಿಯ ಚೀಲಕ್ಕೆ ಇಳಿದು ಎಷ್ಟು ಮಿಲಿಲೀಟರ್ ಎಂದು ಕಣ್ಣೆದುರೇ ತೋರುತ್ತದೆ. ಅದನ್ನು ಬಳಸಿಯೇ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ, ಹೆರಿಗೆಯ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯ ಪರೀಕ್ಷೆ ನಡೆಯಿತು. ಗುಳಿಗೆ ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ ನರ್ಸಮ್ಮನವರು. 500 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋಗುವುದು 12 ಪ್ರತಿಶತದಿಂದ 6.4ಕ್ಕೆ ಇಳಿಯಿತು, ಒಂದು ಲೀಟರ್ ದಾಟುವುದು 1.2ರಿಂದ 0.2ಕ್ಕೆ. 2006ರಲ್ಲಿ ಇದು ಲ್ಯಾನ್ಸೆಟ್‌ನಲ್ಲಿ ಬಂತು. ಅಂಥದೇ ಅಳತೆಹಾಳೆ 2023ರಲ್ಲಿ ಕೀನ್ಯಾ, ನೈಜೀರಿಯ, ದಕ್ಷಿಣ ಆಫ್ರಿಕ, ಟಾಂಜಾನಿಯಗಳ ದೊಡ್ಡ ಅಧ್ಯಯನವೊಂದರ ಬೆನ್ನೆಲುಬಾಯಿತು. ಆ ಹಾಳೆಗಳು ಎಷ್ಟು ಪಿಟ್ಯುಟರಿಗಳನ್ನು ಉಳಿಸಿವೆ ಎಂದು ಯಾರೂ ಎಣಿಸಿಲ್ಲ. ಆದರೆ ಉಳಿಸಿವೆ.

ಹಿಂದಿನ ಹೆರಿಗೆಗಳ ಸಾಲ ಮಾತ್ರ ತೀರಿಲ್ಲ. ಕಾಶ್ಮೀರದ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಪ್ಪತ್ತು ದಾಟಿದ ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಶೀಹಾನ್ ತೊಂದರೆ ಇತ್ತು, ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಮನೆಯಲ್ಲೇ ಹೆತ್ತವರು. ಕಾಶ್ಮೀರದ ಲೆಕ್ಕವನ್ನು ಹಾಗೇ ತಂದು ಹಾವೇರಿಗೆ ಹೊಂದಿಸಲಾಗದು. ಆದರೆ ಮನೆಯ ಹೆರಿಗೆ ಸಾಮಾನ್ಯವಾಗಿದ್ದ ಕಾಲದಲ್ಲಿ ಹೆತ್ತ ಹಿರೇಕೆರೂರು, ಹಾನಗಲ್ಲು, ಬ್ಯಾಡಗಿ ಕಡೆಯ ತಾಯಂದಿರು ಈಗ ಐವತ್ತು ಅರವತ್ತರ ಆಚೀಚೆ ಇದ್ದಾರೆ. ಅವರಲ್ಲಿ ಈ ರೋಗವಿದ್ದವರು ಯಾವ ಹೆಸರಿನಲ್ಲಿ ಆಸ್ಪತ್ರೆಗೆ ಬರುತ್ತಾರೆ?

ಅಂಥ ಒಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದವಳು, ಈಗ ಮುಂಚಿನಂತೆ ಕೂರಲಾಗದು. ಮೊದಲು ಊರಿನ ಡಾಕ್ಟರು ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಬರೆದರು: ಡಿ64.9. ಮುಟ್ಟು ನಿಂತದ್ದಕ್ಕೆ ಎನ್91.2. ಬಿಪಿ ಕಡಿಮೆ, ಐ95.9. ಜ್ವರ ಬಂದಾಗ ಪ್ರಜ್ಞೆ ತಪ್ಪಿ ರಾಣೇಬೆನ್ನೂರಿನಲ್ಲಿ ದಾಖಲಾದಾಗ ರಕ್ತದಲ್ಲಿ ಸೋಡಿಯಂ ಇಳಿದಿತ್ತು, ಇ87.1. ಮುಖ ಊದಿದೆ, ಥೈರಾಯ್ಡ್ ಇರಬಹುದು, ಇ03.9. ಉಳಿದ ಸಲವೆಲ್ಲ ಬರೀ ನಿತ್ರಾಣ, ಆರ್53. ಒಂದು ರೋಗ ಆರು ಚೀಟಿಗಳಲ್ಲಿ ಹಂಚಿಹೋಗಿದೆ. ಪ್ರತಿ ಚೀಟಿಯೂ ಸರಿಯೇ. ಆದರೆ ಪ್ಲಾಸ್ಟಿಕ್ ಚೀಲದೊಳಗಿನ ಆ ಆರನ್ನೂ ಒಟ್ಟಿಗೆ ಹರಡಿ ನೋಡುವ ಒಬ್ಬರು ಸಿಗುವವರೆಗೆ ಇ23.0 ಬರುವುದಿಲ್ಲ. ಜಗತ್ತಿನ ಅಧ್ಯಯನಗಳಲ್ಲೇ ಹೆರಿಗೆಗೂ ಈ ರೋಗ ಪತ್ತೆಯಾಗುವುದಕ್ಕೂ ನಡುವೆ ಹತ್ತು ಹದಿನೈದು ವರ್ಷ ಕಳೆದಿರುವುದು ಸಾಮಾನ್ಯ.

ಪರೀಕ್ಷೆಯ ದಾರಿಯಲ್ಲೂ ಒಂದು ಗುಂಡಿಯಿದೆ, ಅದನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಥೈರಾಯ್ಡ್ ನೋಡಲು ಎಲ್ಲ ಕಡೆ ಮೊದಲು ಅಳೆಸುವುದು ಪಿಟ್ಯುಟರಿ ಕಳಿಸುವ ಆಜ್ಞೆಯ ಹಾರ್ಮೋನು ಟಿಎಸ್‌ಎಚ್. ಥೈರಾಯ್ಡ್ ಗ್ರಂಥಿಯೇ ಕೆಟ್ಟಿದ್ದರೆ ಪಿಟ್ಯುಟರಿ ಕೂಗಿ ಕೂಗಿ ಕರೆಯುತ್ತದೆ, ಟಿಎಸ್‌ಎಚ್ ಏರುತ್ತದೆ. ಆದರೆ ಕೂಗುವವನೇ ಸತ್ತಿದ್ದರೆ? ಟಿಎಸ್‌ಎಚ್ ಸಾಮಾನ್ಯವಾಗಿಯೇ ಕಾಣಬಹುದು. ಚೀಟಿಯಲ್ಲಿ ‘ನಾರ್ಮಲ್’ ಎಂದು ಬರುತ್ತದೆ, ಹೆಂಗಸು ಅದೇ ನಿತ್ರಾಣದೊಡನೆ ಬಸ್ಸು ಹತ್ತುತ್ತಾಳೆ. ಜೊತೆಗೆ ಥೈರಾಯ್ಡಿನದೇ ಹಾರ್ಮೋನು ಟಿ4 ನೋಡಿದರೆ ಅದು ಕೆಳಗಿರುತ್ತದೆ. ಬೆಳಗಿನ ಎಂಟರ ಹೊತ್ತಿಗೆ ಅಡ್ರಿನಲ್ಲಿನ ಹಾರ್ಮೋನು ಕಾರ್ಟಿಸೋಲ್ ಅಳೆದರೆ ಅದೂ ಕೆಳಗಿರುತ್ತದೆ. ಆಮೇಲೆ ಎಂಆರ್‌ಐ ಮಾಡಿದರೆ ಜೀನು ಖಾಲಿ. ಇನ್ನೂ ಒಂದು ಅಪಾಯ: ಕಾರ್ಟಿಸೋಲ್ ನೋಡದೆ ಥೈರಾಯ್ಡ್ ಗುಳಿಗೆಯನ್ನೇ ಮೊದಲು ಶುರುಮಾಡಿದರೆ, ಮೈಯಲ್ಲಿ ಉಳಿದಿದ್ದ ಅಷ್ಟಿಷ್ಟು ಕಾರ್ಟಿಸೋಲ್ ಬೇಗ ಖರ್ಚಾಗಿ ರೋಗಿ ಕುಸಿಯಬಹುದು. ಸ್ಟಿರಾಯ್ಡ್ ಮೊದಲು, ಥೈರಾಯ್ಡ್ ಆಮೇಲೆ. ಈ ಎರಡೂ ಗುಳಿಗೆಗಳು ದುಬಾರಿಯಲ್ಲ. ಇಪ್ಪತ್ತು ವರ್ಷ ಮೂಲೆಯಲ್ಲಿ ಕೂತವಳು ಹದಿನೈದು ದಿನಕ್ಕೆ ಎದ್ದು ರೊಟ್ಟಿ ಬಡಿಯುವಂಥ ಚಿಕಿತ್ಸೆ ವೈದ್ಯಕೀಯದಲ್ಲಿ ಹೆಚ್ಚಿಲ್ಲ.

ರೈಲು ಮಾರ್ಗ ಮೂರೂ ಊರುಗಳನ್ನು ಒಂದೇ ಗೆರೆಯಲ್ಲಿ ಪೋಣಿಸಿದೆ. ರೋಗ ದೊಡ್ಡದಾದರೆ ಉತ್ತರಕ್ಕೆ ಹುಬ್ಬಳ್ಳಿ, ದಕ್ಷಿಣಕ್ಕೆ ದಾವಣಗೆರೆ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರದು, ದಾವಣಗೆರೆಯ ಜೆಜೆಎಂ 1965ರದು. ಹಾವೇರಿಗೆ ತನ್ನದೇ ಸರಕಾರಿ ವೈದ್ಯಕೀಯ ಕಾಲೇಜು ಬಂದದ್ದು ತೀರ ಈಚೆಗೆ, 2022–23ರಲ್ಲಿ ಮೊದಲ ಎಂಬಿಬಿಎಸ್ ತಂಡ ಸೇರಿತು. ಅಂದರೆ ಈ ಜಿಲ್ಲೆಯ ರೋಗಗಳನ್ನು ಈ ಜಿಲ್ಲೆಯ ಮಾತಿನಲ್ಲೇ ಕೇಳಿ ಕಲಿಯುವ ಮೊದಲ ತಲೆಮಾರು ಈಗ ತಯಾರಾಗುತ್ತಿದೆ.

ಇನ್ನು ಸಂಕೇತ ಬರೆಯುವ ಕಸುಬು. ಅಮೆರಿಕ 2015ರ ಅಕ್ಟೋಬರ್ 1ರಂದು ಹತ್ತನೇ ಪರಿಷ್ಕರಣೆಗೆ ದಾಟಿತು. ಅಲ್ಲಿನ ಆಸ್ಪತ್ರೆಗಳ ಬಿಲ್ಲಿಗೆ ಪ್ರತಿ ರೋಗದ ಸಂಕೇತ ಬೇಕು. ಆ ಕೆಲಸದ ದೊಡ್ಡ ಪಾಲು ಬೆಂಗಳೂರು, ಹೈದರಾಬಾದ್, ಚೆನ್ನೈಗಳ ಕಚೇರಿಗಳಲ್ಲಿ ನಡೆಯುತ್ತದೆ, ಜೀವಶಾಸ್ತ್ರವೋ ಫಾರ್ಮಸಿಯೋ ಓದಿದ ಹುಡುಗ ಹುಡುಗಿಯರು ‘ಮೆಡಿಕಲ್ ಕೋಡರ್’ ಆಗಿ ಅಲ್ಲಿ ದುಡಿಯುತ್ತಾರೆ. ದೂರದ ಊರಿನ ಯಾರದೋ ಇ23.0 ಅನ್ನು ಅವರು ತಪ್ಪಿಲ್ಲದೆ ಬರೆಯಬಲ್ಲರು. ವೈದ್ಯರು ಬರೆದದ್ದಕ್ಕಿಂತ ಒಂದಕ್ಷರ ಹೆಚ್ಚು ಊಹಿಸಬಾರದು ಎಂಬುದು ಆ ಕಸುಬಿನ ಮೊದಲ ಪಾಠ. ಕೇಸ್‌ಪೇಪರಿನಲ್ಲಿ ‘ನಿತ್ರಾಣ’ ಎಂದಷ್ಟೇ ಇದ್ದರೆ ಅತ್ಯುತ್ತಮ ಕೋಡರ್ ಕೂಡ ಆರ್53ಕ್ಕಿಂತ ಮುಂದೆ ಹೋಗುವಂತಿಲ್ಲ. ಎಷ್ಟೇ ಪಟ್ಟಿ ಪರಿಷ್ಕರಿಸಿದರೂ ಕೆಲಸ ಶುರುವಾಗುವುದು ರೋಗಿಯ ಎದುರು ಕೂತವರ ಕೈಬರಹದಿಂದ.

ಇ23.0 ಎಂದು ಬರೆದ ಮೇಲೂ ಒಂದು ಮಾತು ಬಾಕಿ ಉಳಿಯುತ್ತದೆ. ಆ ಸಂಕೇತ ಏನಾಗಿದೆ ಎನ್ನುತ್ತದೆ, ಏಕೆ ಆಯಿತು ಎನ್ನುವುದಿಲ್ಲ. ಅದಕ್ಕೆಂದೇ ಪಟ್ಟಿಯಲ್ಲಿ ಹಳೆಯ ಘಟನೆಯ ‘ಉಳಿಕೆ’ಗಳಿಗೆ ಬೇರೆ ಸಂಕೇತಗಳಿವೆ. ವಿಷದ ಉಳಿಕೆಗೆ ಟಿ97, ಬಸಿರು-ಬಾಣಂತನದ ತೊಡಕಿನ ಉಳಿಕೆಗೆ ಓ94. ಇ23.0ರ ಪಕ್ಕದಲ್ಲಿ ಇವುಗಳಲ್ಲಿ ಒಂದನ್ನು ಬರೆದರೆ ಆ ಒಂದು ಸಾಲಿನಲ್ಲಿ ಹೊಲವೂ ಕಾಣುತ್ತದೆ, ಹೆರಿಗೆಯ ರಾತ್ರಿಯೂ ಕಾಣುತ್ತದೆ. ಬರೆಯದಿದ್ದರೆ ರೋಗಿಗೆ ಮದ್ದು ಸಿಗುತ್ತದೆ, ಜಿಲ್ಲೆಗೆ ಪಾಠ ಸಿಗುವುದಿಲ್ಲ.

ಸರಿಯಾಗಿ ಬರೆದರೆ ಏನಾಗುತ್ತದೆ ಎಂಬುದಕ್ಕೆ ಹಾವಿನ ಸಾವಿನ ಲೆಕ್ಕವೇ ಸಾಕ್ಷಿ. ಜನನ-ಮರಣ ನೋಂದಣಿಯ ಕಾಯ್ದೆ 1969ರದು. ಆಸ್ಪತ್ರೆಯ ಸಾವಿಗೆ ನಮೂನೆ 4, ಹೊರಗಿನದಕ್ಕೆ 4ಎ. ಆದರೂ 2020ರಲ್ಲಿ ದೇಶದ ನೋಂದಾಯಿತ ಸಾವುಗಳಲ್ಲಿ ವೈದ್ಯರ ಕಾರಣಪತ್ರ ಇದ್ದದ್ದು 22.5 ಪ್ರತಿಶತಕ್ಕೆ. ಉಳಿದವು ಇಂದಿಗೂ ಕುಲಕರ್ಣಿಯ ಪುಸ್ತಕದ ‘ಇತರೆ’ಯ ಮೊಮ್ಮಕ್ಕಳು. ಈ ಕತ್ತಲನ್ನು ಸೀಳಲು ‘ಮಿಲಿಯನ್ ಡೆತ್ ಸ್ಟಡಿ’ಯವರು ಮನೆಮನೆಗೆ ಹೋಗಿ ಸತ್ತವರ ಕೊನೆಯ ದಿನಗಳನ್ನು ಮನೆಯವರ ಬಾಯಿಂದ ಕೇಳಿ ಬರೆಸಿದರು. ಪ್ರತಿ ಕಥೆಯನ್ನೂ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಹತ್ತನೇ ಪರಿಷ್ಕರಣೆಯ ಸಂಕೇತ ಕೊಟ್ಟರು. 2011ರಲ್ಲಿ ಬಂದ ಫಲಿತಾಂಶದಂತೆ 2005ರ ಒಂದೇ ವರ್ಷ ಭಾರತದಲ್ಲಿ ಸುಮಾರು 46 ಸಾವಿರ ಜನ ಹಾವಿನಿಂದ ಸತ್ತಿದ್ದರು, ಸರಕಾರಿ ಲೆಕ್ಕಕ್ಕಿಂತ ಎಷ್ಟೋ ಪಟ್ಟು. 2000ದಿಂದ 2019ರವರೆಗೆ ಒಟ್ಟು ಸುಮಾರು 12 ಲಕ್ಷ ಎಂದು ಮುಂದಿನ ಅಧ್ಯಯನ ಹೇಳಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ಕಡೆಗಣಿಸಲಾದ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಮರುತಿಂಗಳು ಕೇಂದ್ರ ಸರಕಾರದ ಕ್ರಿಯಾಯೋಜನೆ ಬಂತು, 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ಗುರಿಯೊಂದಿಗೆ.

ಈಗ ಕಡಿತಗಳ ಲೆಕ್ಕ ಬರುತ್ತದೆ, ಸಾವುಗಳ ಲೆಕ್ಕ ಬರುತ್ತದೆ. ಮನೆಗೆ ಹೋದವರು ಆರು ತಿಂಗಳಾದ ಮೇಲೆ ಹೇಗಿದ್ದಾರೆಂದು ನೋಡುವ ಒಂದು ಭೇಟಿ ಈ ಲೆಕ್ಕಕ್ಕೆ ಜೋಡಣೆಯಾಗಬೇಕು. ರಕ್ತ ಹೆಪ್ಪುಗಟ್ಟದೆ ಮಲಗಿದ್ದವರ, ಮೂತ್ರ ನಿಂತು ಡಯಾಲಿಸಿಸ್ ಆದವರ ಹೆಸರುಗಳು ಆಸ್ಪತ್ರೆಯ ರಿಜಿಸ್ಟರಿನಲ್ಲೇ ಇರುತ್ತವೆ. ಅವರನ್ನು ಒಮ್ಮೆ ಬೆಳಿಗ್ಗೆ ಬರಹೇಳಿ ಕಾರ್ಟಿಸೋಲ್ ನೋಡುವುದು ಜಿಲ್ಲಾ ಮಟ್ಟದಲ್ಲಿ ಆಗಬಹುದಾದ ಕೆಲಸ. ಹೆಂಗಸರ ವಿಷಯದಲ್ಲಂತೂ ಅದಕ್ಕೂ ಮೊದಲಿನ ಪರೀಕ್ಷೆಗೆ ಕಾಸೂ ಬೇಕಿಲ್ಲ. ರಕ್ತ ಕಡಿಮೆ, ಬಿಪಿ ಕಡಿಮೆ, ನಿತ್ರಾಣ ಎಂದು ನಾಲ್ಕನೇ ಸಲ ಬಂದ ಹಿರಿಯ ಹೆಣ್ಣುಮಗಳನ್ನು ಎದುರು ಕೂರಿಸಿಕೊಂಡು, ಹಾವೇರಿಯ ಆ ಹೊಸ ಕಾಲೇಜಿನ ವಿದ್ಯಾರ್ಥಿ ಎರಡೇ ಪ್ರಶ್ನೆ ಕೇಳಬೇಕು.

“ಯವ್ವಾ, ಕಡೀ ಕೂಸು ಹಡದಾಗ ರಕ್ತ ಭಾಳ ಹೋಗಿತ್ತೇನು? ಕೂಸಿಗೆ ಎದಿಹಾಲು ಬಂದಿತ್ತೋ ಇಲ್ಲೋ?”

ಮೂವತ್ತು ವರ್ಷದಿಂದ ಯಾರೂ ಕೇಳದ ಪ್ರಶ್ನೆಗೆ ಆಕೆ ಸೆರಗು ಸರಿಮಾಡಿಕೊಂಡು ಉತ್ತರ ಹೇಳುತ್ತಾಳೆ. ಅದನ್ನು ಕೇಸ್‌ಪೇಪರಿನ ಮೇಲೆ, ಇಸವಿಯ ಸಮೇತ, ಬರೆದುಕೊಳ್ಳಬೇಕು.